ಲೀಲಾಕ್ಷಿಯ ಸ್ವಂತ ಬಾಯಿ

ಸಾಯುತ್ತಿದ್ದ ಮಾವ "ನೀರು" ಎಂದ. ನಾಟಕದ ಪ್ರಕಾರ ಸೊಸೆಯಾದ ಲೀಲಾಕ್ಷಿ ಒಳಗೆ ಓಡಿ, ತಂಬಿಗೆ ತಂದು, ಅವನ ಬಾಯಿಗೆ ಎರಡು ಹನಿ ಬಿಟ್ಟು ಅಳಬೇಕಿತ್ತು. ಮಂಗಳೂರು ಕಡೆಯಿಂದ ಪುಣೆಗೆ ಬಂದ ಅಪ್ಪ ಕಾಂತಪ್ಪನವರ ಹೋಟೆಲಿನ ಗಲ್ಲಾದ ಪಕ್ಕದಲ್ಲೇ ಬೆಳೆದ ಹುಡುಗಿ ಅವಳು. ಯಾರಾದರೂ ನೀರು ಕೇಳಿದಾಗ ಅಲ್ಲಿ ಏನು ಮಾಡುತ್ತಿದ್ದಳೋ ಇಲ್ಲೂ ಅದನ್ನೇ ಮಾಡಿದಳು. ಪಕ್ಕದ ಪರದೆಯ ಕಡೆ ಕತ್ತು ತಿರುಗಿಸಿ, ಅಪ್ಪಟ ಕನ್ನಡದಲ್ಲಿ, "ಮೂರನೇ ಟೇಬಲಿಗೆ ಒಂದು ನೀರು!" ಎಂದು ಕೂಗಿದಳು.

ಸದಾಶಿವ ಪೇಠದ ಮರಾಠಿ ಪ್ರೇಕ್ಷಕರಿಗೆ ಮಾತು ತಿಳಿಯದಿದ್ದರೂ ರಾಗ ತಿಳಿಯಿತು. ಎಲ್ಲರೂ ಎಂದಾದರೊಮ್ಮೆ ಮೂರನೇ ಟೇಬಲಿನಲ್ಲಿ ಕೂತವರೇ. ಸಭಾಂಗಣ ನಕ್ಕಿತು, ಮಾವನೂ ನಕ್ಕ, ನಗುತ್ತ ನಗುತ್ತ ಸಾಯುವುದನ್ನೇ ಮರೆತ. ಕಾಂತಪ್ಪನವರು ಮನೆಗೆ ಬರುವ ದಾರಿಯಲ್ಲಿ ತಮ್ಮ ವಿಮರ್ಶೆ ಒಪ್ಪಿಸಿದರು: "ನಾಟಕ ಎಂತದೋ ನನಗೆ ಅರ್ಥ ಆಗ್ಲಿಲ್ಲ. ಆ ನೀರಿನ ಮಾತು ಮಾತ್ರ ಲಾಯ್ಕಾಯ್ತು."

ಪಾತ್ರೆಗಳ ನಡುವೆ ಬೆಳೆದವಳಿಗೆ ಪಾತ್ರಗಳ ಹುಚ್ಚು ಬಿಡಲಿಲ್ಲ. ಆದರೆ ಪುಣೆ ಎಂಬುದು ಅಂಗಡಿಯವನು ಚಿಲ್ಲರೆ ಕೊಡುವಾಗಲೂ ಗಿರಾಕಿಯ ಮರಾಠಿ ತಿದ್ದುವ ಊರು. ಲೀಲಾಕ್ಷಿಯ ಮರಾಠಿಯಲ್ಲಿ ತಪ್ಪಿರಲಿಲ್ಲ, ತೂಗಾಟವಿತ್ತು; ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದು ಮಂಗಳೂರಿನ ಕಡೆ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತಿತ್ತು. ಧಾರಾವಾಹಿಯವರು ಅವಳ ಕಣ್ಣು, ಹುಬ್ಬು, ಮೂಗುತಿ ಎಲ್ಲವನ್ನೂ ಮೆಚ್ಚಿಕೊಂಡು ಬಾಯಿಯನ್ನು ಮಾತ್ರ ಬೇರೆಯವರಿಗೆ ಗುತ್ತಿಗೆ ಕೊಟ್ಟರು. ನೀಲಿಮಾ ಎಂಬ ಕಂಠದಾನ ಕಲಾವಿದೆ ಸ್ಟುಡಿಯೋದಲ್ಲಿ ಕೂತು ಅವಳ ಮಾತನ್ನೆಲ್ಲ ಜೇನಿನಂಥ ದನಿಯಲ್ಲಿ ತುಂಬುತ್ತಿದ್ದಳು. ಹೀಗೆ ಇಬ್ಬರೂ ಸೇರಿ ಇಡೀ ಮಹಾರಾಷ್ಟ್ರ ಹಲ್ಲು ಕಡಿಯುವಂಥ ಒಬ್ಬ ಕೆಟ್ಟ ಅತ್ತೆಯಾದರು.

ಹೆಸರು ಬಂತು. ಆದರೆ ಮಗರಪಟ್ಟಾದ ಮಾಲಿನಲ್ಲಿ ಸೆಲ್ಫಿಗೆಂದು ಮುತ್ತಿಕೊಂಡ ಹೆಂಗಸರು, "ಆ ಬೈಗುಳ ಒಮ್ಮೆ ಹೇಳಿ" ಎಂದು ಕೇಳಿ, ಇವಳು ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ನೀವು ಥೇಟ್ ಟೀವಿಯ ಆ ಅತ್ತೆಯ ಹಾಗೇ ಇದ್ದೀರಿ ಎಂದು ಸಮಾಧಾನ ಹೇಳಿ ಹೋದರು. ಲೀಲಾಕ್ಷಿ ಅಂದು ನಕ್ಕಳು; ಮನೆಗೆ ಬಂದು ಕನ್ನಡಿಯ ಮುಂದೆ ಅದೇ ಬೈಗುಳವನ್ನು ಮತ್ತೆ ಹೇಳಿ ನೋಡಿದಳು. ಒಂದೇ ಒಂದು ಸಲ, ತನ್ನದೇ ಗಂಟಲಿನಲ್ಲಿ, ತುಂಬಿದ ಸಭೆಗೆ ಮಾತಾಡಬೇಕು. ಆಸೆ ಅಷ್ಟೇ.

ನಿರ್ದೇಶಕ ಸುಹಾಸ ಕೊನೆಗೆ ಅವಳಿಗೆ ಮುಖ್ಯ ಪಾತ್ರ ಕೊಟ್ಟ. ಖಾನಾವಳಿ ನಡೆಸುವ ವಿಧವೆಯ ಕಥೆ, ಮರಾಠಿ ನಾಟಕ. ಆದರೆ ದುಡ್ಡು ಹಾಕಿದ ನಿರ್ಮಾಪಕರು ಒಂದು ಕರಾರು ಹಾಕಿದರು. ಜನ ಟಿಕೆಟ್ ಕೊಳ್ಳುವುದು ಟೀವಿಯ ಅತ್ತೆಗಾಗಿ. ಆ ಮುಖದಿಂದ ಬೇರೆ ದನಿ ಬಂದರೆ ದುಡ್ಡು ವಾಪಸ್ ಕೇಳುತ್ತಾರೆ. ಆದ್ದರಿಂದ ನೀಲಿಮಾ ಪರದೆಯ ಮರೆಯಲ್ಲಿ ಮೈಕು ಹಿಡಿದು ಮಾತಾಡಲಿ, ಲೀಲಾಕ್ಷಿ ತುಟಿ ಆಡಿಸಿದರೆ ಸಾಕು. ದನಿ ನೀಲಿಮಾಳದು, ಧಣಿ ನಿರ್ಮಾಪಕರು, ನಡುವೆ ಸಿಕ್ಕಿದ್ದು ಇವಳ ತುಟಿ. ಸುಹಾಸ ನೆಲ ನೋಡಿದ. ಲೀಲಾಕ್ಷಿ ಒಪ್ಪಿಕೊಂಡಳು, ಆದರೆ ಪ್ರತಿಯೊಂದು ಮಾತನ್ನೂ ಬಾಯಿಪಾಠ ಮಾಡಿದಳು. ಯಾಕೆಂದು ಕೇಳಿದವರಿಗೆ, ತುಟಿಗೂ ಅರ್ಥ ಗೊತ್ತಿರಬೇಕಲ್ಲ ಎಂದಳು.

ಮೊದಲ ಪ್ರಯೋಗ. ತೆಂಗಿನಕಾಯಿ ಒಡೆದಾಯಿತು, ನಾಟಕ ಶುರು ಎನ್ನುವ ಮೂರನೇ ಗಂಟೆ ಹೊಡೆಯಿತು. ಎರಡನೇ ದೃಶ್ಯದಲ್ಲಿ ಮೈದುನ ಬಂದು ಅಡುಗೆಮನೆಯ ಬೀಗದ ಕೈ ಕೇಳುತ್ತಾನೆ. ಲೀಲಾಕ್ಷಿ ಬಾಯಿ ತೆರೆದಳು. ಅದೇ ಹೊತ್ತಿಗೆ ಧ್ವನಿವರ್ಧಕದ ಪೆಟ್ಟಿಗೆ ಟಪ್ ಎಂದು ಸುಟ್ಟುಹೋಯಿತು. ಪರದೆಯ ಹಿಂದೆ ನೀಲಿಮಾ ಮಾತಾಡುತ್ತಲೇ ಇದ್ದಳು, ಆದರೆ ಮೈಕಿಲ್ಲದ ಜೇನು ಎರಡನೇ ಸಾಲಿಗೂ ಹರಿಯಲಿಲ್ಲ. ರಂಗದ ಮೇಲೆ ಒಬ್ಬ ಹೆಂಗಸು ಗಾಜಿನ ತೊಟ್ಟಿಯ ಮೀನಿನಂತೆ ಬಾಯಿ ಆಡಿಸುತ್ತಿದ್ದಳು. ಬಾಲ್ಕನಿಯಿಂದ "ಆವಾಜ್, ಆವಾಜ್" ಎಂಬ ಕೂಗು ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಪರದೆ ಎಳೆಯಿರಿ ಎಂದು ನಿರ್ಮಾಪಕರು ಕೈಸನ್ನೆ ಮಾಡುವುದು ಅವಳ ಕಣ್ಣಿಗೆ ಬಿತ್ತು.

ಲೀಲಾಕ್ಷಿ ಬಾಯಿ ಮುಚ್ಚಿದಳು. ಉಸಿರು ತೆಗೆದುಕೊಂಡಳು. ಸೊಂಟದ ಬೀಗದ ಕೈ ಹಿಡಿದು, ಮೈದುನನಿಗೆ ಆ ಮಾತನ್ನು ಮೊದಲಿನಿಂದ ಹೇಳಿದಳು. ಈ ಒಲೆ ನನ್ನದು, ಉರಿಸಿದವಳು ನಾನು, ಇದರ ಮುಂದೆ ಬೇಯದವರು ಹೊರಗೆ ನಡೆಯಿರಿ ಎಂದು. ಬಾಲ್ಕನಿಯ ಕೊನೆಯ ಕುರ್ಚಿಯವನು ಹಾಕಲಿದ್ದ ಸಿಳ್ಳೆ ಬೆರಳಲ್ಲೇ ಉಳಿಯಿತು. ವಾಕ್ಯದ ಕೊನೆಗೆ ಮರಾಠಿ ಎಂದಿನಂತೆ ಮಂಗಳೂರಿಗೆ ತಿರುಗಿತು. ತಿದ್ದಲು ಯಾರಿಗೂ ಪುರುಸೊತ್ತಿರಲಿಲ್ಲ.

ಮಧ್ಯಂತರದಲ್ಲಿ ಧ್ವನಿವರ್ಧಕ ಸರಿಹೋಯಿತು. ನಿರ್ಮಾಪಕರು ಮೈಕನ್ನು ಮತ್ತೆ ನೀಲಿಮಾಳ ಕೈಗೆ ಕೊಡಲು ಬಂದರು. ಅವಳು ಅದನ್ನು ಅವರ ಕೈಯಲ್ಲೇ ಬಿಟ್ಟು, ಬಟಾಟೆವಡೆಯ ಪೊಟ್ಟಣ ಹಿಡಿದು ಪ್ರೇಕ್ಷಕರ ಕಡೆ ನಡೆದಳು. ಇಷ್ಟು ವರ್ಷ ಇವಳ ಮುಖ ನೋಡುತ್ತ ಮಾತಾಡಿದ್ದೇನೆ, ಇವತ್ತು ಸುಮ್ಮನೆ ಕೂತು ಕೇಳುತ್ತೇನೆ ಎಂದಳಂತೆ. ನಾಟಕ ಮುಗಿದಾಗ ಸಭಾಂಗಣ ಎದ್ದು ನಿಂತಿತು. ಮೊದಲು ಎದ್ದವಳು ನೀಲಿಮಾ. ಆಮೇಲೆ ಆ ನಾಟಕ ಊರೂರು ಸುತ್ತಿತು, ಪ್ರಶಸ್ತಿ ತಂದಿತು; ಧಾರಾವಾಹಿಯವರೂ ಬಂದು, ಈ ಸಲ ಬಾಯಿಯ ಸಮೇತ ಕರೆದುಕೊಂಡು ಹೋದರು.

ಪುಣೆಯ ಕನ್ನಡಿಗರ ಸಂಘದ ವಿಶೇಷಾಂಕಕ್ಕೆ ಸಂದರ್ಶನ ಮಾಡಲು ಬಂದ ಶ್ರದ್ಧಾ ಇದೆಲ್ಲವನ್ನೂ ಓದಿಕೊಂಡೇ ಬಂದಿದ್ದಳು. ಫೋನನ್ನು ಮೇಜಿನ ಮೇಲಿಟ್ಟು, ಧ್ವನಿಮುದ್ರಣ ಒತ್ತಿ, ಭಕ್ತಿಯಿಂದ ಕೇಳಿದಳು: "ಲೀಲಕ್ಕ, ಅಷ್ಟು ವರ್ಷ ಬಳಸದೇ ಇದ್ದ ಸ್ವರ, ಮೈಕಿಲ್ಲದೆ ಬಾಲ್ಕನಿ ಮುಟ್ಟಿತು. ಹೇಗೆ ಕಾಪಾಡಿಕೊಂಡ್ರಿ? ದಿನಾ ಏನಾದರೂ ಸಾಧನೆ ಮಾಡ್ತಿದ್ರಾ?"

ಒಳಕೋಣೆಯಲ್ಲಿ ಕುರಕುಂಭದ ಕಾರ್ಖಾನೆಯಿಂದ ಆಗಷ್ಟೇ ಬಂದ ಗಂಡ ಸುಖೇಶ್, ಕರೆಗಂಟೆ ಹೊಡೆದುಕೊಳ್ಳುತ್ತಿದ್ದರೂ ಪೇಪರ್ ಓದುತ್ತ ಕೂತಿದ್ದರು. ಲೀಲಾಕ್ಷಿ ಬಾಗಿಲು ತೆರೆಯಲು ತಾನೇ ಎದ್ದಳು.

"ಎಂತ ಸಾಧನೆ ಮಾರಾಯ್ತಿ. ಆ ಮಿಷನ್‌ಗಳ ಸದ್ದಿಗೆ ಇವರ ಕಿವಿ ಮಂದ ಆಗಿ ಎಷ್ಟೋ ಕಾಲ ಆಯ್ತು. ಊಟಕ್ಕೆ ಬನ್ನಿ ಅಂತ ದಿನಾ ಕರೀಬೇಕಲ್ಲ."