ಎಡ ಬ್ರೇಕು, ಬಲ ಬ್ರೇಕು

ಎಸ್ಕಲೇಟರ್ ಇಳಿಯುವಾಗ ನನ್ನ ಎರಡೂ ಕೈಗಳು ಇಲ್ಲದ ಬ್ರೇಕನ್ನು ಹಿಡಿಯುತ್ತವೆ. ಕಚೇರಿಯ ಕೆಲಸಕ್ಕೆಂದು ಆಗಾಗ ಮೆಲ್ಬರ್ನಿನಿಂದ ಸಿಡ್ನಿಗೆ ಹಾರಿ ಚಾಟ್ಸ್‌ವುಡ್‌ಗೆ ಹೋಗುತ್ತೇನಲ್ಲ, ಅಲ್ಲಿ ನನ್ನ ಮುಂದೆ ಯಾರಾದರೂ ಹೆಂಗಸು ಸರಸರನೆ ಇಳಿದರೆ ಸಾಕು, ಬೆರಳುಗಳು ತಾವಾಗಿಯೇ ಬಿಗಿಯಾಗುತ್ತವೆ. ಪಕ್ಕದಲ್ಲಿ ನಿಂತವರು ಇವನು ಯಾರನ್ನೋ ಗುದ್ದಲು ಹೊರಟಿದ್ದಾನೆಂದು ಒಂದು ಮೆಟ್ಟಿಲು ಸರಿದು ನಿಲ್ಲುತ್ತಾರೆ. ಸೂಪರ್ ಮಾರ್ಕೆಟ್ಟಿನ ಇಳಿಜಾರಿನಲ್ಲಿ ಟ್ರಾಲಿ ತಳ್ಳುವಾಗಲೂ ಇದೇ ಅವಸ್ಥೆ. "ರೀ, ಅದು ಟ್ರಾಲಿ. ಬ್ರೇಕಿಲ್ಲ. ಬಿಡಿ," ಎಂದು ಹೆಂಡತಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ.

ಇದೆಲ್ಲ ಸ್ಪೇನಿನ ಪ್ರಸಾದ. ಅಲ್ಲಿಗೆ ಹೋದವರು ನಾವು ಮೂವರು: ನಾನು, ಸಿಡ್ನಿಯ ಪ್ಯಾರಮಟ್ಟಾದ ಸುಧಾಕರಣ್ಣ, ಅವರ ಹೆಂಡತಿ ವಾರಿಜಕ್ಕ. ಅವರು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಚಿತ್ರದುರ್ಗದ ನನ್ನ ಮೇಲಿನ ಕರುಣೆಯಿಂದ ನನ್ನೆದುರು ಕನ್ನಡ. ವಿದ್ಯಾರ್ಥಿಯಾಗಿ ಬಂದಾಗ ಅವರ ಮನೆಯ ಹಿಂದಿನ ಕೋಣೆಯಲ್ಲಿ ರೆಂಟಿಗಿದ್ದೆ. ಆಮೇಲೆ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಮದುವೆಯಾಗಿ, ಮೆಲ್ಬರ್ನಿನ ಟ್ರುಗನಿನಾದಲ್ಲಿ ಮಾರ್ಟ್‌ಗೇಜ್ ಹೊತ್ತು ಕೂತರೂ ಆ ಮನೆಯ ಋಣ ಹರಿದಿಲ್ಲ. ರಜೆಯೆಂದರೆ ಕೂರುವುದು ಎಂದು ನಂಬಿರುವ ನನ್ನ ಹೆಂಡತಿ ಮಾತ್ರ ಬರಲಿಲ್ಲ.

ಯೋಜನೆ ವಾರಿಜಕ್ಕನದು. ಅವರು ಸೈಕಲ್ ಕಲಿತದ್ದೇ ನಲವತ್ತು ದಾಟಿದ ಮೇಲೆ. ಮಗಳು ಬೆಳೆದು, ಅವಳ ಸೈಕಲ್ಲು ಚಿಕ್ಕದಾಯಿತು. ಹಳೆಯ ಸಾಮಾನನ್ನೆಲ್ಲ ಮನೆಯ ಮುಂದೆ ಇಟ್ಟರೆ ಕೌನ್ಸಿಲಿನವರು ಎತ್ತಿಕೊಂಡು ಹೋಗುವ ದಿನ ಬಂತು. "ಅಷ್ಟು ಒಳ್ಳೆ ಸೈಕಲ್ ಬಿಸಾಡುವುದು ಹೇಗೆ ಮಾರಾಯ? ಅದಕ್ಕೆ ಕಲಿತೆ," ಎಂದಿದ್ದರು. ವಸ್ತು ಹಾಳಾಗಬಾರದೆಂದು ಉಳಿದ ಅನ್ನಕ್ಕೆ ಒಗ್ಗರಣೆ ಹಾಕುವವರನ್ನು ನೋಡಿದ್ದೇನೆ. ಅದೇ ಕಾರಣಕ್ಕೆ ಸವಾರಿ ಕಲಿತವರು ನನಗೆ ತಿಳಿದಂತೆ ಇವರೊಬ್ಬರೇ. ನದಿಯ ಪಕ್ಕದ ಪಾರ್ಕಿನಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೊಂದು ದಿನ ಊಟದ ಹೊತ್ತಿನಲ್ಲಿ, ಸ್ಪೇನಿನ ಬೆಟ್ಟಗಳಲ್ಲಿ ಜಲ್ಲಿ ರಸ್ತೆಯ ಮೇಲೆ ಸೈಕಲ್ ಹೊಡೆಯುವವರಿದ್ದಾರಂತೆ, ನಾವೂ ಹೋಗುವುದು ಎಂದು ಘೋಷಿಸಿದರು. ಮಗಳು "ಮಮ್, ಆರ್ ಯೂ ಸೀರಿಯಸ್?" ಎಂದಳು. ಸುಧಾಕರಣ್ಣ ಇನ್ನೊಂದು ಸೌಟು ಸಾರು ಹಾಕಿಕೊಂಡರು. ಅವರ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಜಲ್ಲಿ ರಸ್ತೆಯೆಂದರೆ ನಮ್ಮ ಕಡೆ ಮುಗಿಯದ ರಸ್ತೆ ಎಂದರ್ಥ. ಚುನಾವಣೆಗೆ ಮುಂಚೆ ಜಲ್ಲಿ ಬೀಳುತ್ತದೆ, ಗೆದ್ದ ಮೇಲೆ ಡಾಂಬರು ಬರುವುದಿಲ್ಲ. ಸ್ಪೇನಿನವರೋ ಜಲ್ಲಿಯನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಅದರ ಮೇಲೆ ಕುಲುಕುತ್ತಾ ಹೋಗಲು ಜನ ವಿಮಾನ ಹತ್ತಿ ಬರುತ್ತಾರೆ. ಮೊದಲ ದಿನ ನಾನು ನಗಾಡಿದ್ದೆ. ಎರಡನೆಯ ದಿನಕ್ಕೆ ಆ ರಸ್ತೆಗೆ ಮನಸೋತೆ. ಡಾಂಬರು ನಿಮ್ಮನ್ನು ಊರಿಂದ ಊರಿಗೆ ಎಸೆದುಬಿಡುತ್ತದೆ, ನಡುವೆ ಏನಿತ್ತೆಂದು ಕೇಳಿದರೆ ಅದಕ್ಕೇ ಗೊತ್ತಿಲ್ಲ. ಜಲ್ಲಿ ಹಾಗಲ್ಲ, ಪ್ರತಿ ಕಲ್ಲನ್ನೂ ಕೈಗೆ ಪರಿಚಯ ಮಾಡಿಸಿ ಕಳಿಸುತ್ತದೆ. ಬಾದಾಮಿ ಮರಗಳ ಮೆಟ್ಟಿಲು ಹೊಲಗಳು, ಕೆಳಗೆ ದಾರದಂಥ ಹೊಳೆ, ಮೇಲೆ ರೆಕ್ಕೆ ಬಡಿಯದೆ ತೇಲುವ ರಣಹದ್ದುಗಳು. ಆಗಿನ್ನೂ ಅವುಗಳ ಉದ್ದೇಶದ ಬಗ್ಗೆ ನನಗೆ ಸಂಶಯ ಬಂದಿರಲಿಲ್ಲ.

ಆ ಹಳ್ಳಿಗಳನ್ನು ಏನೆಂದು ಹೊಗಳಲಿ? ಯಾರೋ ಬೆಟ್ಟವನ್ನು ಗೂಡು ಮಾಡಿ ಮನೆಗಳನ್ನು ಜೋಡಿಸಿಟ್ಟ ಹಾಗೆ. ಹೇರು ಹೊತ್ತ ಕತ್ತೆಯೊಂದು ತೂರುವಷ್ಟೇ ಅಗಲದ ಓಣಿಗಳು. ನಮ್ಮ ಆಸ್ಟ್ರೇಲಿಯಾದಲ್ಲಿ ನೂರು ವರ್ಷದ ಪೋಸ್ಟ್ ಆಫೀಸಿಗೆ ಹಿತ್ತಾಳೆಯ ಫಲಕ ಹಾಕಿ, ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಾರೆ. ಅಲ್ಲಿ ಅರಬರ ಕಾಲದ ಕಮಾನಿನ ಕೆಳಗೆ ಯಾರದೋ ಬನಿಯನ್ ಒಣಗುತ್ತಿತ್ತು. ಅಷ್ಟು ಹಳೆಯದನ್ನು ಅಷ್ಟು ಸಲೀಸಾಗಿ ಬಳಸುವುದಕ್ಕೆ ದೊಡ್ಡ ಮನಸ್ಸು ಬೇಕು. ಒಂದು ಹಳ್ಳಿಯಲ್ಲಿ ಕಾಫಿ ಕೊಟ್ಟ ಮುದುಕ ಎಲ್ಲಿಂದ ಬಂದಿರಿ ಎಂದು ಸನ್ನೆಯಲ್ಲಿ ಕೇಳಿದ. "ಆಸ್ಟ್ರೇಲಿಯಾ," ಎಂದರು ವಾರಿಜಕ್ಕ. ಅವನು ನಮ್ಮ ಮೂರು ಮುಖಗಳನ್ನೂ ಸಾವಕಾಶವಾಗಿ ನೋಡಿ, ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದ.

ಆ ಕಾಫಿ ಕುಡಿದು ಹೊರಟ ಮೇಲೆಯೇ ಅದು ನಡೆದದ್ದು.

ಕಣಿವೆಗೆ ಇಳಿಯುವ ದಾರಿ. ಸುಧಾಕರಣ್ಣ ಮುಂದೆ ಇಳಿದು ತಿರುವಿನಲ್ಲಿ ನಿಂತಿದ್ದರು. ನಾನು ಹಿಂದೆ, ಮೇಲೆ. ನಡುವೆ ವಾರಿಜಕ್ಕ. ಇಳಿಜಾರು ಒಮ್ಮೆಗೇ ಕಡಿದಾಯಿತು. ಜಲ್ಲಿ ಸಡಿಲಾಯಿತು. ಅವರ ಸೈಕಲ್ಲು ವೇಗ ಹಿಡಿಯಿತು. ಎಡಕ್ಕೆ ಬಂಡೆ, ಬಲಕ್ಕೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಏನೂ ಇಲ್ಲ. ಏನೂ ಇಲ್ಲ ಎನ್ನುವುದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನನಗೆ ಅಂದೇ ತಿಳಿದದ್ದು. ಸುಧಾಕರಣ್ಣ ಕೆಳಗಿನಿಂದ ಕೂಗಿದರು: "ಲೆಫ್ಟ್ ಹಿಡಿ ವಾರಿಜಾ! ಲೆಫ್ಟ್! ಲೆಫ್ಟ್ ಬ್ರೇಕ್!"

ಸರಿಯಾದ ಮಾತೇ. ಭಾರತದಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ಸೈಕಲ್ಲಿನ ಎಡ ಬ್ರೇಕು ಹಿಂದಿನ ಚಕ್ರದ್ದು, ಬಲದ್ದು ಮುಂದಿನದು. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮುಂದಿನದನ್ನು ಗಟ್ಟಿಯಾಗಿ ಹಿಡಿದರೆ ಸೈಕಲ್ಲು ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ನಾನು ನೋಡನೋಡುತ್ತಿದ್ದಂತೆ ವಾರಿಜಕ್ಕ ಎಡಗೈ ಸಡಿಲಿಸಿದರು. ಬಲಗೈ ಬಿಗಿಯಿತು.

ಮುಗಿಯಿತು ಎಂದುಕೊಂಡೆ. ಕಣ್ಣು ಮುಚ್ಚಬೇಕೆಂದಿದ್ದೆ, ಅದೂ ಆಗಲಿಲ್ಲ. ಹಿಂದಿನ ಚಕ್ರ ಬಾಲದಂತೆ ಅತ್ತಿತ್ತ ಬಳುಕಿತು, ಕಲ್ಲುಗಳು ಗೋಡೆಯಾಚೆ ಹಾರಿದವು, ಅವು ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ವಾರಿಜಕ್ಕ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿದ್ದರು, ಸೈಕಲ್ಲಿನ ಮೇಲೆಯೇ, ಒಂದು ಕಾಲು ನೆಲಕ್ಕೂರಿ. ನಾನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಹೆಲ್ಮೆಟ್ ಸರಿಮಾಡಿಕೊಂಡು, "ಬ್ರೇಕ್ ಒಳ್ಳೆದುಂಟು," ಎಂದರು. ನಾನು ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟೆ. ಅವರು ಕುಡಿಯಬೇಕಾದ ನೀರನ್ನು ನನಗೇ ಕುಡಿಸಿದರು.

ಸಂಜೆ ತಂಗಿದ ಮನೆಯ ಅಂಗಳದಲ್ಲಿ ಅವರ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ನೋಡಿದೆ. ಬಲ ಬ್ರೇಕಿನ ತಂತಿ ಹಿಂದಿನ ಚಕ್ರಕ್ಕೆ ಹೋಗಿತ್ತು. ಎಡದ್ದು ಮುಂದಕ್ಕೆ. ಅಲ್ಲಿಯೇ ಬಾಡಿಗೆಗೆ ಪಡೆದಿದ್ದ ಮೂರೂ ಸೈಕಲ್ಲುಗಳದ್ದು ಹಾಗೆಯೇ. ವಾಹನಗಳು ಬಲಕ್ಕೆ ಓಡುವ ಆ ದೇಶದಲ್ಲಿ ಬ್ರೇಕುಗಳೂ ಜಾಗ ಬದಲಿಸಿದ್ದವು. ಸಪಾಟು ದಾರಿಯಲ್ಲಿ ಎರಡನ್ನೂ ಮೆಲ್ಲಗೆ ಒತ್ತುತ್ತಿದ್ದ ನಮಗೆ ಅದು ತಿಳಿದೇ ಇರಲಿಲ್ಲ. ಅಂದರೆ ವಾರಿಜಕ್ಕ ಗಂಡನ ಮಾತು ಕೇಳಿದ್ದರೆ... ಆ ವಾಕ್ಯವನ್ನು ಇವತ್ತಿಗೂ ನಾನು ಪೂರ್ತಿ ಮಾಡಿಲ್ಲ. ಟಿವಿ ಅಂಪೈರನಂತೆ ಹಿಂದೆ ತಿರುಗಿಸಿ, ನಿಧಾನಗೊಳಿಸಿ ನೋಡುತ್ತಲೇ ಇದ್ದೇನೆ: ಎಡಗೈ ಸಡಿಲಾಯಿತು, ಬಲಗೈ ಬಿಗಿಯಿತು. ಯಾಕೆ?

ಮರುದಿನ ಬೆಳಿಗ್ಗೆ ಇಬ್ಬರಿಗೂ ಬ್ರೇಕು ತೋರಿಸಿ ಎಚ್ಚರಿಸಿದೆ. "ಓಹೋ, ಹೌದಾ! ಒಳ್ಳೆದಾಯ್ತು ಹೇಳಿದ್ದು," ಎಂದರು ಸುಧಾಕರಣ್ಣ. ಹಿಂದಿನ ದಿನದ ತಮ್ಮ ಕೂಗಿಗೂ ಈ ತಂತಿಗೂ ಇರುವ ಸಂಬಂಧ ಅವರಿಗೆ ಹೊಳೆಯಲಿಲ್ಲ. ವಾರಿಜಕ್ಕ ನನ್ನನ್ನೊಮ್ಮೆ ನೋಡಿ, ಪೆಡಲು ತುಳಿದು ಮುಂದೆ ಹೋದರು. ಅದೇ ಥರದ ಇನ್ನೊಂದು ಇಳಿಜಾರಿಗೆ, ಹಾಡು ಗುನುಗುತ್ತಾ. ಹೆದರಿಕೆಯನ್ನೆಲ್ಲ ನನಗೆ ದಾಟಿಸಿ ಹಗುರಾಗಿದ್ದರು.

ನಮ್ಮ ಭಾಷೆಯೂ ಈ ವಿಷಯದಲ್ಲಿ ಪಕ್ಷಪಾತಿ. ಬಲವೆಂದರೆ ಶಕ್ತಿ. ಎಡ ಎಂದ ಕೂಡಲೇ ಎಡವುವುದು, ಎಡವಟ್ಟು. ಇವೆಲ್ಲ ಒಂದೇ ಬೇರಿನವೋ ಅಲ್ಲವೋ ಪಂಡಿತರು ಹೇಳಲಿ, ಆ ಇಳಿಜಾರಿನಲ್ಲಿ ನಿಂತವನಿಗೆ ನಿಘಂಟು ಬೇಕಿಲ್ಲ. ಅಲ್ಲದೆ ಕೈಗಳಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ನಾವು ಎಲ್ಲಿಗೆ ಹೋದರೂ ಅವು ಹುಟ್ಟಿದ ಊರಿನ ಕಾಯಿದೆಯನ್ನೇ ಪಾಲಿಸುತ್ತವೆ. ವಾರಿಜಕ್ಕನ ಕೈ ಮಾತ್ರ ಯಾವ ಕಾಯಿದೆಯನ್ನು ಪಾಲಿಸಿತು?

ಕಳೆದ ಲಾಂಗ್ ವೀಕೆಂಡಿಗೆ ಅವರಿಬ್ಬರೂ ನಮ್ಮ ಮನೆಗೆ ಬಂದಿದ್ದರು. ಟ್ರುಗನಿನಾದ ನಾಲ್ಕಾರು ಕನ್ನಡದ ಮನೆಯವರನ್ನೂ ಊಟಕ್ಕೆ ಕರೆದಿದ್ದೆ. ಸುಧಾಕರಣ್ಣ ಸೋಫಾದ ತುದಿಗೆ ಸರಿದು ಕಥೆ ಆರಂಭಿಸಿದರು. ಅವರು ಹೇಳಿದ ಹಾಗೆಲ್ಲ ಆ ಕಣಿವೆ ಆಳವಾಗುತ್ತಾ ಬಂದಿದೆ. "ನಾನು ಒಂದು ಕೂಗು ಹಾಕಿದೆ ನೋಡಿ, ಲೆಫ್ಟ್ ಅಂತ! ಅದಕ್ಕೆ ಇವಳು ಇವತ್ತು ಇದ್ದಾಳೆ." ಜನ ತಲೆದೂಗಿದರು. ನನಗೆ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ. ವಾರಿಜಕ್ಕ ಚಹಾ ಸೋಸುತ್ತಿದ್ದರು.

"ಅಕ್ಕ, ನಿಜ ಹೇಳಿ. ಅವತ್ತು ಅಣ್ಣ ಕೂಗಿದ್ದು ನಿಮಗೆ ಕೇಳಿಸ್ತಾ?"

"ಕೇಳದೆ ಎಂತ? ಆ ಹದ್ದುಗಳಿಗೂ ಕೇಳಿರ್ಬೇಕು."

"ಮತ್ತೆ ಬಲದ್ದನ್ನ ಯಾಕೆ ಹಿಡಿದ್ರಿ?"

ಅವರು ಸೋಸುವುದನ್ನು ನಿಲ್ಲಿಸಿ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಇವರಿಗೆ ಲೆಫ್ಟ್ ರೈಟ್ ಎಲ್ಲಿ ಗೊತ್ತುಂಟು ಮಂಜು? ಮದುವೆ ಆದಂದಿನಿಂದ ನೋಡ್ತಾ ಇದ್ದೇನೆ. ಕಾರಲ್ಲಿ ಮ್ಯಾಪ್ ಹಿಡ್ಕೊಂಡು ಕೂತು ಲೆಫ್ಟ್ ಅಂದ್ರೆ ನಾನು ರೈಟ್ ಇಂಡಿಕೇಟರ್ ಹಾಕುವುದು. ಒಂದು ದಿನವೂ ದಾರಿ ತಪ್ಪಲಿಲ್ಲ. ಲೆಫ್ಟ್ ಅಂತ ಕೂಗಿದ್ರು, ರೈಟ್ ಹಿಡಿದೆ. ಅದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

"ಆದ್ರೆ ಅವತ್ತು ಅವರು ನಿಜವಾಗ್ಲೂ ಎಡಗೈದನ್ನೇ ಹೇಳಿದ್ದು ಅಕ್ಕ!"

"ಹೌದಾ?" ಎಂದು ಅಕ್ಕ ನಕ್ಕರು. "ಜೀವಮಾನದಲ್ಲಿ ಒಂದೇ ಒಂದು ಸಲ ಸರಿ ಹೇಳಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ?"

ನಾನು ಅಡುಗೆಕಟ್ಟೆಗೆ ಒರಗಿ ನಿಂತೆ. ಹೇಳಿದವರು ತಪ್ಪಿರಲಿಲ್ಲ, ಕೇಳಿದವರೂ ತಪ್ಪಿರಲಿಲ್ಲ, ಸೈಕಲ್ಲೊಂದೇ ತಿರುಗುಮುರುಗಾಗಿತ್ತು. "ಹಾಗಾದ್ರೆ ಅಣ್ಣ ಹೇಳ್ತಾ ಇರೋದು..."

"ಸರಿಯೇ ಅಲ್ವಾ? ಅವರು ಕೂಗದಿದ್ರೆ ನಾನು ಎರಡೂ ಹಿಡೀತಿದ್ದೆ. ಅವರೇ ಉಳಿಸಿದ್ದು. ತಗೋ, ಚಹಾ ಕೊಡು ಎಲ್ಲರಿಗೆ."

ತಟ್ಟೆ ಹಿಡಿದು ಹೊರಗೆ ಬಂದೆ. ಸುಧಾಕರಣ್ಣ ಕೈಯೆತ್ತಿ, "ಕೇಳಿ ಇವನನ್ನು! ಇವನೇ ಕಣ್ಣಾರೆ ಕಂಡವ. ಹೌದೋ ಅಲ್ವೋ ಮಂಜು?" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು, ಅಣ್ಣನೇ ಉಳಿಸಿದ್ದು ಎಂದೆ, ಮನಸ್ಸಿನಲ್ಲಿ ಒಂದು ಹುಲ್ಲುಕಡ್ಡಿಯಷ್ಟೂ ಸಂಕೋಚವಿಲ್ಲದೆ.

ಮರುದಿನ ಅವರು ವಿಮಾನ ನಿಲ್ದಾಣಕ್ಕೆ ಹೊರಟರು. ಬಾಡಿಗೆ ಕಾರು, ವಾರಿಜಕ್ಕನ ಕೈಯಲ್ಲಿ ಸ್ಟಿಯರಿಂಗು, ಸುಧಾಕರಣ್ಣನ ಮಡಿಲಲ್ಲಿ ಮ್ಯಾಪು. ನಾವು ಗೇಟಿನಲ್ಲಿ ನಿಂತು ಕೈಬೀಸಿದೆವು. ಬೀದಿಯ ಕೊನೆಯಲ್ಲಿ ಕಾರು ನಿಂತಿತು. ತೆರೆದ ಕಿಟಕಿಯಿಂದ ಸುಧಾಕರಣ್ಣನ ಗಟ್ಟಿ ದನಿ ನಮ್ಮವರೆಗೂ ಕೇಳಿತು: "ಇಲ್ಲಿ ಲೆಫ್ಟ್, ಲೆಫ್ಟ್ ತಗೋ!"

ಬಲಗಡೆಯ ಇಂಡಿಕೇಟರ್ ಮಿನುಗಿತು. ಕಾರು ಒಂದಿಷ್ಟೂ ಅನುಮಾನಿಸದೆ ಬಲಕ್ಕೆ ತಿರುಗಿ, ನೇರ ಏರ್‌ಪೋರ್ಟಿನ ದಾರಿ ಹಿಡಿಯಿತು.