ಎರಡು ತ್ವಾಟ

ಅಥವಾ ಆ ಮನೆಯದು ಮೀನು ಹುರಿಯುವ ವಾಸನೆಯೇ ಇದ್ದಿರಬೇಕು, ಸಿಡಿಮದ್ದಿನದಲ್ಲ. ಒದ್ದೆ ನೆಲದಲ್ಲಿ ಪಟಾಕಿ ಸಿಡಿದ ವಾಸನೆ ಬಂದರೆ ಮಾರಿಕಣಿವೆಯ ನಮ್ಮ ಮನೆ ನೆನಪಾಗುತ್ತದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನಿಜವಾಗಿಬಿಟ್ಟಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಹೋಗಿ ನಿಂತರೆ ಒಲೆ ಯಾವ ಮೂಲೆಯಲ್ಲಿತ್ತೆಂದು ಗೊತ್ತಾಗದಂಥದು. ನಮ್ಮದು ಅಣೆಕಟ್ಟೆಯ ಕೆಳಗಿನ ನೀರಾವರಿ ಕ್ವಾರ್ಟರ್ಸು. ಅಪ್ಪ ತೂಬು ನೋಡಿಕೊಳ್ಳುವವನು. ಅಜ್ಜಿ, ಅಮ್ಮ, ಅಪ್ಪನ ತಮ್ಮನಾದ ಚಿಕ್ಕಪ್ಪ, ಅವರಿಬ್ಬರ ತಂಗಿ ಗಿರಿಜತ್ತೆ, ನಾನು, ಎಲ್ಲರೂ ಎಪ್ಪತ್ತರ ದಶಕದ ಆ ಕೆಲವು ವರ್ಷ ಒಂದೇ ಸೂರಿನಡಿ ಇದ್ದೆವು.

ಮನೆಯಿಂದ ಇಳಿದರೆ ಸರ್ಕಾರದ ಹೂದೋಟ. ಭಾನುವಾರ ಹಿರಿಯೂರು, ಹೊಸದುರ್ಗದ ಕಡೆಯಿಂದ ಜನ ಟಿಫಿನ್ ಕ್ಯಾರಿಯರ್ ಹಿಡಿದು ಬಂದು ಜಮಖಾನೆ ಹಾಸುತ್ತಿದ್ದರು. ತೋಟದ ಅಂಚಿಗೆ ವೇದಾವತಿಯ ಮಡು. ಅಲ್ಲಿ ನೀರುನಾಯಿಗಳಿದ್ದವು. ಅತ್ತೆ ಬಂಡೆಯ ಮೇಲೆ ಕೂತು ಸಿಳ್ಳೆ ಹಾಕಿದರೆ ನುಣ್ಣನೆಯ ತಲೆಗಳು ಒಂದೊಂದಾಗಿ ಏಳುತ್ತಿದ್ದವು. ಅವು ಸಾಧುಗಳೇನಲ್ಲ. ಜೀವವಿರುವ ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯಿಂದಲೇ ಕಟಕಟ ಅಗಿಯುತ್ತಿದ್ದವು, ರಕ್ತ ಮೀಸೆಗೆ ಮೆತ್ತುತ್ತಿತ್ತು. ಅತ್ತೆಗೆ ಅದೇ ಇಷ್ಟ. ಚಿಕ್ಕಪ್ಪನಿಗೆ ಅವು ಬಲೆ ಹರಿಯುವ ಕಳ್ಳರು. ಬಂಡೆ ಒಡೆಯುವವರಿಂದ ಸಿಡಿಮದ್ದಿನ ತೋಟಾ ತಂದು, ಬತ್ತಿಗೆ ಬೆಂಕಿ ಹಚ್ಚಿ ಮಡುವಿಗೆ ಎಸೆದು, ಹೊಟ್ಟೆ ಮೇಲಾಗಿ ತೇಲಿದ ಮೀನನ್ನು ಪೇಟೆಯವರಿಗೆ ಹುರಿದುಕೊಡುತ್ತಿದ್ದ. ಹೂವಿನ ತೋಟಕ್ಕೂ ಆ ತೋಟಾಕ್ಕೂ ನಮ್ಮ ಮನೆಯಲ್ಲಿ ಒಂದೇ ಮಾತು: ತ್ವಾಟ. ಸೌದೆಗೆ ಹೋದ, ಮೀನಿಗೆ ಹೋದ ಎನ್ನುವ ಹಾಗೆ ತ್ವಾಟಕ್ಕೆ ಹೋದ ಎಂದರೆ ಮುಗಿಯಿತು.

ಆ ಭಾನುವಾರ ಬೆಳಿಗ್ಗೆ ಅಣ್ಣತಂಗಿಗೆ ಜಗಳವಾಯಿತು. ಬೇರೆ ದಿನದ ಜಗಳವನ್ನು ನಾನೇ ತಂದು ಇಲ್ಲಿ ಅಂಟಿಸಿರಲೂಬಹುದು.

"ನಿನ್ನ ನಾಯಿಗಳು ಬಲೆ ಹರ್ದು ಚಿಂದಿ ಮಾಡ್ಯವೆ. ಇವತ್ತು ಒಂದನ್ನೂ ಉಳ್ಸಲ್ಲ," ಎಂದ ಚಿಕ್ಕಪ್ಪ.

"ಹಾಕಣ್ಣ, ನೋಡಾಣ. ನಾನೂ ಅದೇ ಮಡುವ್ನಾಗೆ ಇರ್ತೀನಿ," ಎಂದಳು ಅತ್ತೆ.

ಇವಳೂ ಒಂದು ನೀರುನಾಯಿಯೇ, ಕಟ್ಟಿಕೊಳ್ಳುವವನಿಗೆ ಮೂಗು ಉಳಿಯುವುದಿಲ್ಲ ಎಂದು ಅಜ್ಜಿ ನಕ್ಕಳು. ಬಿಸಿಲೇರಿದ ಮೇಲೆ ಅತ್ತೆ ಬಟ್ಟೆಯ ಗಂಟು ಕಂಕುಳಿಗಿಟ್ಟುಕೊಂಡು ಅಣ್ಣ ಎಲ್ಲಿ ಎಂದು ಕೇಳಿದಳು. ಅಜ್ಜಿಯ ಬಾಯಿ ತುಂಬ ಎಲೆಅಡಿಕೆ.

"ತ್ವಾಟಕ್ಕೋದ ಕಣವ್ವ."

ಅತ್ತೆ ಹೊರಟಳು. ನಡೆದಳೋ ಓಡಿದಳೋ, ಅದು ನನಗೆ ನೆನಪಿಲ್ಲ. ನೆನಪಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಚಿಕ್ಕಪ್ಪ ಎಸೆದ ತೋಟಾ ಸಿಡಿದು ಮಡುವಿನ ನೀರು ಕಂಬದ ಹಾಗೆ ಎದ್ದು ಬಿತ್ತು. ಮೊದಲು ಕೆಸರು, ಆಮೇಲೆ ಮೀನು, ಆಮೇಲೆ ಬಾಯಿ ತೆರೆದುಕೊಂಡ ನೀರುನಾಯಿಗಳು, ಮರಿಗಳ ಸಮೇತ. ಅವುಗಳ ನಡುವೆ ಅತ್ತೆಯ ಸೀರೆ. ಚಿಕ್ಕಪ್ಪ ಹಾರಿ, ಜಡೆ ಹಿಡಿದು ಅವಳನ್ನು ದಡಕ್ಕೆಳೆದ. ಎರಡೂ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಪಕ್ಕದಲ್ಲೇ ಪೇಟೆಯವರು ಪ್ಯಾಂಟು ಮಡಿಸಿ ಮೀನು ಆರಿಸುತ್ತಿದ್ದರು. ಒಬ್ಬ ಸತ್ತ ನೀರುನಾಯಿಯನ್ನು ಬಾಲ ಹಿಡಿದೆತ್ತಿ ಹೆಂಡತಿಗೆ ತೋರಿಸಿ ನಗುತ್ತಿದ್ದ. ಅಪ್ಪ ತೂಬಿನಿಂದ ಓಡಿಬಂದು ತಮ್ಮನನ್ನು ಒದ್ದೆ ಹಗ್ಗದಿಂದ ಬಡಿದ. ಬೆನ್ನಿನ ಚರ್ಮ ಸುಲಿದರೂ ಚಿಕ್ಕಪ್ಪ ಕೈ ಅಡ್ಡ ತರಲಿಲ್ಲ.

ಅತ್ತೆ ಉಳಿದಳು, ಕಿವಿ ಉಳಿಯಲಿಲ್ಲ. ಅಣ್ಣ ಹೂವಿನ ತೋಟಕ್ಕೆ ಹೋಗಿದ್ದಾನೆ ಎಂದುಕೊಂಡು ಪಾಪ ಬಟ್ಟೆ ಒಗೆಯಲು ನೀರಿಗಿಳಿದಳು ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. ಬಟ್ಟೆಯ ಗಂಟು ಬಂಡೆಯ ಮೇಲೆ ಬಿಚ್ಚದೆ ಇತ್ತು ಎಂದು ಒಮ್ಮೆ ಅಮ್ಮನಿಗೆ ಹೇಳಿದನಂತೆ. ಕೆಲವೇ ದಿನಗಳಲ್ಲಿ ಊರು ಬಿಟ್ಟ, ಮತ್ತೆ ಬರಲಿಲ್ಲ. ಅಜ್ಜಿ ತೀರಿಕೊಂಡಳು, ಅಪ್ಪನಿಗೆ ವರ್ಗವಾಯಿತು, ಕ್ವಾರ್ಟರ್ಸ್ ಕೆಡವಿದರು. ಮಡುವಿನಲ್ಲಿ ನೀರುನಾಯಿ ಕಂಡೆ ಎಂದವರು ಯಾರೂ ನನಗೆ ಸಿಕ್ಕಿಲ್ಲ.

ಬಹಳ ವರ್ಷಗಳ ಮೇಲೆ, ಬಬ್ಬೂರಿನ ಅತ್ತೆಯ ಮನೆಯಲ್ಲಿ ಅವಳ ಮುಂದೆ ಊಟಕ್ಕೆ ಕೂತು, ಅವಳು ನನ್ನ ತುಟಿ ನೋಡುತ್ತಿರುವಾಗ ಕೇಳಿದೆ. ಅವತ್ತು ಅಜ್ಜಿ ಅಂದದ್ದು ಯಾವ ತ್ವಾಟ ಅಂತ ತಿಳಕೊಂಡೆ ನೀನು, ಹೂವಿಂದೋ ಮದ್ದಿಂದೋ?

"ಹ್ಞೂಂ ಕಣೇ, ಅದೇ," ಎಂದಳು, ಕಿವುಡರ ದೊಡ್ಡ ದನಿಯಲ್ಲಿ. ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಯಾವುದು ಎಂದು ನನಗೆ ಗೊತ್ತಿಲ್ಲ.