ನೀನು ನೋಡಿದ್ಯಾ?

ಅನುಮಾನ ಬಂತೆಂದರೆ ನಮ್ಮ ಬಯಾಲಜಿ ಮಿಸ್‌ರ ಎಡಗಣ್ಣು ಕಿರಿದಾಗುತ್ತಿತ್ತು, ಕನ್ನಡಕ ಹಣೆಗೇರುತ್ತಿತ್ತು. ಬರಿಗಣ್ಣಿಂದ ನೋಡದ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಅನುಮಾನ ಬರದ ದಿನವನ್ನು ನಾನಂತೂ ಕಾಣೆ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ "ಈಗ್ ಬಂದಿದ್ದು ಮೇಡಂ, ಫ್ರೆಶ್" ಅಂದರೆ ಸಾಕು, ಮೀನಿನ ಕಿವಿರು ಎತ್ತಿ, ಮೂಸಿ, ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಆ ಅಂಗಡಿ ನನ್ನ ಕ್ಲಾಸಿನ ಸೆಲ್ವಿಯ ಅಪ್ಪನದು. ಮಿಸ್ ಬಂದರೆ ಸತ್ತ ಮೀನಿಗೂ ಎದೆ ಡವಡವ ಅನ್ನುತ್ತೆ ಎಂದು ಅವರು ನಗುತ್ತಿದ್ದರಂತೆ.

ಹಲಸೂರಿನ ನಮ್ಮ ಹೈಸ್ಕೂಲಿನಲ್ಲೂ ಅದೇ ಕಥೆ. "ಪುಸ್ತಕದಲ್ಲಿದೆ ಮಿಸ್" ಅಂದರೆ, "ಬರೆದವನು ನೋಡಿರ್ತಾನೆ. ನೀನು ನೋಡಿದ್ಯಾ?" ಅನ್ನುವರು. ಸಮುದ್ರದ ಜೀವಿಗಳ ಪಾಠ ಬಂದಾಗ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅದಕ್ಕೇ ಒಂಬತ್ತನೇ ಕ್ಲಾಸನ್ನು ಕಾರವಾರದ ಕಡೆ ಹೊರಡಿಸಿದರು.

ಮನೆಗೆ ಕಳಿಸಿದ ಚೀಟಿಯಲ್ಲಿ "ಇಳಿತದ ವೇಳೆ ಮಕ್ಕಳನ್ನು ಕಡಲಿಗೆ ಇಳಿಸಲಾಗುವುದು" ಎಂದು ಬರೆದಿತ್ತು. ಕಗ್ಗದಾಸಪುರದ ಕೆರೆಗಿಂತ ದೊಡ್ಡ ನೀರು ಕಾಣದ ಅಮ್ಮ ಸ್ಕೂಲಿಗೇ ಬಂದಳು. "ಈಜು ಬರದ ಮಕ್ಕಳನ್ನ ಸಮುದ್ರಕ್ಕೆ ಇಳಿಸ್ತೀರಾ?"

"ನೀರು ಹಿಂದಕ್ಕೆ ಹೋಗುತ್ತಮ್ಮ. ಆಗ ಕಲ್ಲುಗಳ ಮಧ್ಯೆ ಓಡಾಡ್ತಾರೆ, ಅಷ್ಟೇ. ನನ್ನ ನಂಬಬೇಡಿ, ದಿನಾ ಫೋನ್ ಮಾಡಿ ಮಗಳನ್ನೇ ಕೇಳಿ" ಅಂದರು ಮಿಸ್.

ಹೊರಗೆ ಬಂದು ಅಮ್ಮ ಅಂದಳು: "ಈ ಯಮ್ಮ ನನಗಿಂತ ಅನುಮಾನದೋಳು. ಹೋಗಿ ಬಾ."

ಅಲ್ಲಿ ಮಿಸ್‌ರದ್ದು ಒಂದೇ ಕಟ್ಟಳೆ: ಕಲ್ಲೆತ್ತಿ ನೋಡಿ, ಇದ್ದ ಹಾಗೇ ಇಡಿ, ಏನನ್ನೂ ತರಬೇಡಿ. ಚಿತ್ರ ಬರೆಯಲೆಂದು ತಾವೇ ಒಂದು ಏಡಿಯನ್ನು ನೀರು ತುಂಬಿದ ಟ್ರೇಯಲ್ಲಿ ಇಟ್ಟಿದ್ದರು. ಖಾಲಿ ಶಂಖದೊಳಗೆ ಸೇರಿಕೊಂಡು ಅದನ್ನೇ ಹೊತ್ತು ತಿರುಗುವ ಏಡಿ. ವಾಪಸ್ ಬಿಡೋಣವೆಂದು ನೋಡಿದರೆ ಟ್ರೇ ಖಾಲಿ.

ಎಲ್ಲರೂ ಬಸ್ ಹತ್ತಿ ಕೂತಿದ್ದೆವು. ಹಿಂದಿನಿಂದ ಒಬ್ಬಳು ಕೂಗಿದಳು: "ಸೆಲ್ವಿನೇ ಮಿಸ್! ಅವರಪ್ಪಂದು ಮೀನಂಗಡಿ ಅಲ್ವಾ?" ಇಡೀ ಬಸ್ಸು ಹೌದು ಹೌದು ಅಂದಿತು. ಅವರಪ್ಪನನ್ನು ಕರೆಸಿ ಇವಳನ್ನು ಮನೆಗೆ ಕಳಿಸಿಬಿಡೋಣ ಎಂದು ಪಿ.ಟಿ. ಸರ್ ಆಗಲೇ ಫೋನ್ ತೆಗೆದರು. ಸೆಲ್ವಿ ಸ್ಲಿಪ್ಪರಿನ ಮರಳನ್ನೇ ನೋಡುತ್ತಾ ಕೂತಿದ್ದಳು.

ಮಿಸ್‌ರ ಕನ್ನಡಕ ಹಣೆಗೇರಿತು. ಒಂದೊಂದು ಸೀಟಿನ ಮುಂದೆ ನಿಂತು ಕೇಳಿದರು. "ನೀನು ನೋಡಿದ್ಯಾ?"

"ಇಲ್ಲ ಮಿಸ್. ಎಲ್ರೂ ಹೇಳ್ತಿದ್ದಾರೆ."

"ಎಲ್ರೂ ಅಂದ್ರೆ ಯಾರು? ನೀನು ನೋಡಿದ್ಯಾ?"

ನನ್ನ ಸರದಿ ಬಂತು. "ನಾನೂ ನೋಡ್ಲಿಲ್ಲ ಮಿಸ್" ಅಂದೆ. ಅಷ್ಟರಲ್ಲಿ ನನ್ನ ಬ್ಯಾಗಿನೊಳಗಿನ ಸ್ಟೀಲ್ ಡಬ್ಬಿ ಕರಕರ ಅಂತು. ಅಮ್ಮನಿಗೆ ತೋರಿಸಬೇಕೆಂದು ಎತ್ತಿಟ್ಟುಕೊಂಡಿದ್ದೆ. ಸಾಯುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ, ದೇವರಾಣೆ. ಆದರೆ ಸೆಲ್ವಿಯ ಮೇಲೆ ಬಂದಾಗ ಸುಮ್ಮನಿದ್ದೆನಲ್ಲ, ಅದಕ್ಕೆ ಯಾವ ಆಣೆಯೂ ಇಲ್ಲ.

ಎಡಗಣ್ಣು ಕಿರಿದಾಯಿತು. ಮಿಸ್ ಬ್ಯಾಗ್ ಮುಟ್ಟಲಿಲ್ಲ. ಬಸ್ಸಿನ ಕಡೆ ತಿರುಗಿ ಅಂದರು: "ಇಷ್ಟು ಜನದಲ್ಲಿ ನೋಡಿದವಳು ಒಬ್ಬಳೇ. ಅವಳೇ ಹೇಳಲಿ." ಹಾಗೇ ಕಾಯುತ್ತಾ ನಿಂತರು. ಡ್ರೈವರ್ ಹಾರ್ನ್ ಹೊಡೆದ, ಅವರು ಕದಲಲಿಲ್ಲ.

ನಾನು ಎದ್ದು ಡಬ್ಬಿ ತೆಗೆದೆ. "ನಾನೇ ಮಿಸ್. ಸೆಲ್ವಿ ಅಲ್ಲ." ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಬೈಗುಳ ಬರಲಿಲ್ಲ. "ಹೋಗು, ನಾನು ತೆಗೆದ ನೀರಲ್ಲೇ ಬಿಟ್ಟು ಬಾ. ಸೆಲ್ವಿ, ನೀನೂ ಹೋಗು. ಇವಳು ಬಿಟ್ಟಿದ್ದನ್ನ ನೋಡ್ಕೊಂಡು ಬಾ."

ನನ್ನನ್ನು ಆಗಲೂ ನಂಬಲಿಲ್ಲ, ನೋಡಿ! ಇಬ್ಬರೂ ಕಲ್ಲುಗಳ ತನಕ ನಡೆದೆವು. ಡಬ್ಬಿ ಬಗ್ಗಿಸಿದೆ. ಏಡಿ ಕಾಲು ಹೊರಚಾಚಿ ಕಲ್ಲಿನ ಸಂದಿಗೆ ಸರಿಯಿತು. ವಾಪಸ್ ಬಂದಾಗ ಮಿಸ್ ಬಾಗಿಲಲ್ಲೇ ಇದ್ದರು.

"ನೀನು ನೋಡಿದ್ಯಾ?"

"ನೋಡ್ಕೊಂಡೇ ಬಂದೆ ಮಿಸ್," ಅಂದಳು ಸೆಲ್ವಿ.

"ಸರಿ, ಮುಗೀತು." ಆಮೇಲೆ ಎಂದೂ ಅವರು ಆ ಮಾತೆತ್ತಲಿಲ್ಲ.

ಈಗ ದೊಮ್ಮಲೂರಿನ ಆಫೀಸಿನಲ್ಲಿ ಯಾರ ಮೇಲಾದರೂ ಗುಸುಗುಸು ಶುರುವಾದರೆ ನಾನು ಅದೇ ಪ್ರಶ್ನೆ ಕೇಳುತ್ತೇನೆ. ಬೆನ್ನ ಹಿಂದೆ ನನ್ನನ್ನು ಪೊಲೀಸ್ ಅನ್ನುತ್ತಾರೆ. ಅನ್ನಲಿ ಬಿಡಿ.

ಹೋದ ವರ್ಷ ಒಂದು ಬೆಳಿಗ್ಗೆ ಸೆಲ್ವಿಯ ಫೋನ್ ಬಂತು. ಅಪ್ಪನ ಅಂಗಡಿ ಈಗ ಅವಳದು. "ಮಿಸ್ ಹೋಗ್ಬಿಟ್ರು ಕಣೆ," ಅಂದಳು.

ನನಗೆ ಅಳು ಬರಲಿಲ್ಲ. "ಯಾರ್ ಹೇಳಿದ್ದು? ನೀನು ನೋಡಿದ್ಯಾ?" ಎಂದು ರೇಗಿದೆ.

"ನೋಡ್ಕೊಂಡೇ ಬಂದೆ ಕಣೆ," ಅಂದಳು.